ಒರಸಂಗಿಲ್ಲ

ನನ್ನ ಅವ್ವ ಮೀರಾಬಾಯಿ ಏಳು ವರ್ಷ ಒಂದು ಕಚೇರಿಯ ಸಂಡಾಸ ತೊಳೆದಳು. ಒಂದು ದಿನವೂ ಅದನ್ನು ಬಳಸಲಿಲ್ಲ.

ಹುಮನಾಬಾದಿನ ಹೊರಗೆ, ಹೆದ್ದಾರಿ ಪಕ್ಕ ಆ ಕಚೇರಿ. ‘ನಾಗರಿಕ ಸೌಲಭ್ಯ ಕೇಂದ್ರ’ ಅಂತ ನೀಲಿ ಬೋರ್ಡು. ಪಿಂಚಣಿಯ ಹೆಬ್ಬೆಟ್ಟು, ರೇಷನ್ ಕಾರ್ಡಿನ ಹೆಸರು, ಆಧಾರ್ ತಿದ್ದುಪಡಿ, ಎಲ್ಲ ಅಲ್ಲೇ. ಕೆಲಸ ಸರ್ಕಾರದ್ದು, ನಡೆಸುವುದು ಬಸವಕಲ್ಯಾಣದ ಒಂದು ಏಜೆನ್ಸಿ. ಅವ್ವ ಬೆಳಿಗ್ಗೆ ಎಂಟಕ್ಕೆ ಹೋಗಿ ಕಸ ಹೊಡೆಯುತ್ತಿದ್ದಳು. ಕೌಂಟರಿನ ಗಾಜು ಒರೆಸುತ್ತಿದ್ದಳು. ಸಂಡಾಸ ತೊಳೆದು, ಬೀಗ ಹಾಕಿ, ಚಾವಿ ಮ್ಯಾನೇಜರನ ಟೇಬಲ್ಲಿನ ಮೇಲೆ ಇಡುತ್ತಿದ್ದಳು. ಬಾಗಿಲಿಗೆ ‘ಸಿಬ್ಬಂದಿಗೆ ಮಾತ್ರ’ ಎಂಬ ಚೀಟಿ ಅಂಟಿಸಿದ್ದರು. ಅವ್ವ ಸಿಬ್ಬಂದಿ ಅಲ್ಲ. ಏಜೆನ್ಸಿಯ ಆಳು.

ಮೊದಲು ಕಟ್ಟಡದ ಹಿಂದೆ ಜಾಲಿ ಕಂಟಿ ಇದ್ದವು. ಅಲ್ಲಿ ಹೋಗಿ ಬರುತ್ತಿದ್ದಳು. ಆಮೇಲೆ ಅಲ್ಲಿ ಟೈರಿನ ಅಂಗಡಿ ಬಂತು, ಧಾಬಾ ಬಂತು. ಅಂದಿನಿಂದ ಎಂಟರಿಂದ ಸಂಜೆ ನಾಲ್ಕರವರೆಗೆ ತಡೆದುಕೊಂಡಿರುತ್ತಿದ್ದಳು. ಎರಡು ಸಲ ಜ್ವರ ಬಂದು ಮಲಗಿದಳು. ಒಂದಕ್ಕೆ ಹೋದರೆ ಬೆಂಕಿ ಸುರಿದ ಹಾಗೆ ಆಗುತ್ತದೆ ಎನ್ನುತ್ತಿದ್ದಳು. ನೀರು ಬಹಳ ಕುಡಿಯಬೇಕು ಎಂದು ಡಾಕ್ಟರು ಹೇಳಿದರು. ಅವ್ವ ಹೂಂ ಎಂದು ಬಂದಳು. ಕುಡಿಯಲಿಲ್ಲ. ನೀರು ಕುಡಿಯದಿರುವುದು ಅವ್ವನ ಸ್ವಭಾವ ಎಂದು ನಾನು ತಿಳಿದಿದ್ದೆ.

ನಾನು ಪೂನಂ. ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಮನಃಶಾಸ್ತ್ರದ ಎಂ.ಎ. ಓದುತ್ತಿದ್ದೆ. ಮನುಷ್ಯರ ಸ್ವಭಾವವನ್ನೇ ಓದುತ್ತಿದ್ದೆ. ಅಪ್ಪ ಸಂಘಪಾಲ ಹಳ್ಳಿಖೇಡದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ನಮ್ಮ ಓಣಿಯಿಂದ ಅಷ್ಟು ಓದಿದ ಮೊದಲ ಹುಡುಗಿ ನಾನು.

ಗೈಡ್ ಸರ್ ನನಗೆ ಕೊಟ್ಟ ಪ್ರಾಜೆಕ್ಟಿನ ಹೆಸರು ‘ದಿನನಿತ್ಯದ ಬದುಕಿನಲ್ಲಿ ಪೌರತ್ವದ ಭಾವನೆ’. ಇಪ್ಪತ್ನಾಲ್ಕು ವಾಕ್ಯಗಳ ಒಂದು ಫಾರ್ಮು. ನಾನು ವಾಕ್ಯ ಓದಿ ಹೇಳಬೇಕು. ಪೂರ್ತಿ ಒಪ್ಪುತ್ತೇನೆ ಎಂಬುದರಿಂದ ಖಂಡಿತ ಒಪ್ಪುವುದಿಲ್ಲ ಎಂಬುದರವರೆಗೆ ಐದು ಉತ್ತರ, ಜನ ಒಂದನ್ನು ಆರಿಸಬೇಕು. ನಾನು ಗುರುತು ಹಾಕಬೇಕು. ಜನ ಸಾಲು ನಿಲ್ಲುವ ಕಡೆ ಹೋಗಿ ನೂರು ಫಾರ್ಮು ತುಂಬಿಸಿಕೊಂಡು ಬಾ ಎಂದರು. ನಮ್ಮೂರಿನ ಕೇಂದ್ರಕ್ಕೆ ಪತ್ರ ಬರೆದು ಅವರೇ ಅನುಮತಿ ತರಿಸಿದರು.

ಹೋಗುವ ಹಿಂದಿನ ಸಂಜೆ ರೊಟ್ಟಿ ಬಡಿಯುತ್ತ ಅವ್ವ ಹೇಳಿದಳು.

“ಅಲ್ಲಿ ನನ್ನ ಮಾತಾಡಸಬ್ಯಾಡ ಪೂನಿ. ನನ್ನ ಮಗಳಂತ ಗೊತ್ತಾದರ ನಿನಗ ಕುರ್ಚಿ ಹಾಕಂಗಿಲ್ಲ.”

“ಗೊತ್ತಾದರ ಗೊತ್ತಾಗಲಿ ಬಿಡವ್ವ.”

“ಏಳ ವರ್ಷದಿಂದ ನಾ ಅಲ್ಲಿ ಅದೀನಿ. ನೀ ಒಂದ ದಿನಾನೂ ಇದ್ದಿಲ್ಲ. ಹೇಳಿದ್ದ ಕೇಳು.”

ವಾದ ಮಾಡಬಹುದಿತ್ತು. ಒಳಗೊಳಗೆ ನನಗೂ ಅದೇ ಬೇಕಿತ್ತು.

ಮ್ಯಾನೇಜರನ ಹೆಸರು ಸ್ವಪ್ನಿಲ. ಮೂವತ್ತು ದಾಟಿರದ ಹುಡುಗ, ಇಸ್ತ್ರಿ ಮಾಡಿದ ಅಂಗಿ. “ಬರ್ರಿ ಮೇಡಂ, ಕುಂದರ್ರಿ” ಎಂದ. ಫ್ಯಾನಿನ ಕೆಳಗೆ ಕುರ್ಚಿ, ಟೇಬಲ್ ಹಾಕಿಸಿದ. ಚಹಾ ತರಿಸಿದ. “ವಾಶ್‌ರೂಮಿಗೆ ಹೋಗಬೇಕಂದ್ರ ಚಾವಿ ನನ್ನ ಕಡೆ ಅದ. ಸಂಕೋಚ ಮಾಡಬ್ಯಾಡ್ರಿ” ಎಂದ. ನನಗೆ ಅವನು ಒಳ್ಳೆಯವನಂತೆಯೇ ಕಂಡ.

ಹನ್ನೊಂದಕ್ಕೆ ಚಾವಿ ಕೇಳಿದೆ. ಕೊಟ್ಟ. ಒಳಗೆ ಬಿಳಿ ಟೈಲ್ಸು ಮಿಂಚುತ್ತಿತ್ತು. ಫಿನಾಯಿಲ್ ವಾಸನೆ. ಹೈಸ್ಕೂಲಿನಲ್ಲಿದ್ದಾಗಿನಿಂದ ಆ ವಾಸನೆ ನನಗೆ ಗೊತ್ತು. ಅವ್ವ ತಲೆ ಬಾಚುವಾಗ ಅವಳ ಕೈಯಿಂದ ಬರುತ್ತಿದ್ದ ವಾಸನೆ ಅದು. ನಾನು ನನ್ನ ಕೆಲಸ ಮುಗಿಸಿ, ಕೈ ತೊಳೆದು, ಚಾವಿ ವಾಪಸ್ ಕೊಟ್ಟು ಬಂದು ಕುರ್ಚಿಯಲ್ಲಿ ಕುಳಿತೆ.

ಅವ್ವ ನೆಲ ಒರೆಸುತ್ತ ಬಂದಳು. ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಬಟ್ಟೆ ಎಳೆಯುತ್ತ, ಇನ್ನೊಂದರಲ್ಲಿ ಬಕೆಟ್ಟು ದೂಡುತ್ತ. ಉದ್ದ ಕೋಲಿನ ಮಾಪು ಅವಳಿಗೆ ಕೊಟ್ಟಿರಲಿಲ್ಲ. ನನ್ನ ಟೇಬಲ್ಲಿನ ಹತ್ತಿರ ಬಂದಾಗ ಕೈ ನಿಂತಿತು. ತಲೆ ಎತ್ತಲಿಲ್ಲ.

“ಕಾಲ ಎತ್ತರಿ ಮೇಡಂ.”

ನಾನು ಕಾಲು ಎತ್ತಿದೆ.

ಅವ್ವ ನನ್ನ ಕಾಲ ಕೆಳಗೆ ಒರೆಸಿದಳು. ಮುಂದೆ ಹೋದಳು. ಸಾಲಿನಲ್ಲಿದ್ದವರು ಯಾರೂ ತಿರುಗಿ ನೋಡಲಿಲ್ಲ. ನೋಡುವಂಥದ್ದು ಏನೂ ನಡೆದಿರಲಿಲ್ಲ.

ಅವತ್ತು ನಾನು ಮಾತಾಡಿಸಿದವರಲ್ಲಿ ಮುನ್ನಿ ಬೀ ಒಬ್ಬರು. ಹತ್ತಿರದ ಹುಡಗಿ ಗ್ರಾಮದವರು. ಎಪ್ಪತ್ತರ ಹತ್ತಿರದ ವಯಸ್ಸು, ಸಕ್ಕರೆ ಕಾಯಿಲೆ. ಕೌದಿ ಹೊಲಿದು ಹೊಲಿದು ಬೆರಳ ತುದಿ ಸವೆದಿದ್ದವು. ಹೆಬ್ಬೆಟ್ಟು ಮೆಷಿನ್ನಿಗೆ ಹತ್ತುತ್ತಿರಲಿಲ್ಲ. ಪಿಂಚಣಿ ನಿಂತಿತ್ತು. ನನ್ನ ಎದುರು ಒಂದು ಸ್ಟೂಲು ಇತ್ತು. ಕೂಡಿಸಿ ಏಳನೇ ವಾಕ್ಯ ಓದಿದೆ. “ಸರ್ಕಾರಿ ಕೆಲಸದ ಜಾಗಗಳಲ್ಲಿ ನನ್ನನ್ನು ಗೌರವದಿಂದ ಕಾಣುತ್ತಾರೆ.”

ಮುನ್ನಿ ಬೀ ಎದ್ದು ನಿಂತರು.

“ಕುಂತೇ ಹೇಳ್ರಿ ಖಾಲಾ.”

“ಇರಲಿ ಬೇಟಿ, ನಿಂತ ಹೇಳ್ತೀನಿ.” ಗಾಜಿನ ಆಚೆ ಕೂತ ಸ್ವಪ್ನಿಲನ ಕಡೆ ನೋಡಿದರು. ದನಿ ಏರಿಸಿದರು. “ಪೂರಾ ಒಪ್ತೀನಿ ಅಂತ ಬರಿ.” ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದರು. “ಅಂವಾ ಕೇಳಾಕತ್ತಾನ. ಬರಿ.”

ನಾನು ಗುರುತು ಹಾಕಿದೆ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಅರವತ್ತು ಫಾರ್ಮು ತುಂಬಿದ್ದವು. ಏಳನೇ ವಾಕ್ಯಕ್ಕೆ ಹೆಚ್ಚುಕಡಿಮೆ ಎಲ್ಲರದೂ ಅದೇ ಉತ್ತರ. ಗೈಡ್ ಸರ್‌ಗೆ ಫೋನ್ ಮಾಡಿದೆ. ಅವರಿಗೆ ಖುಷಿ. “ನಿಮ್ಮ ಕಡೆ ಜನರಲ್ಲಿ ಪೌರತ್ವದ ಭಾವನೆ ಬಹಳ ಗಟ್ಟಿಯಾಗಿದೆ ಕಣಮ್ಮ. ಒಳ್ಳೆ ಪೇಪರ್ ಆಗುತ್ತೆ” ಎಂದರು.

ಏಪ್ರಿಲ್ ತಿಂಗಳು. ಮೇಲಿನ ತಗಡು ಕಾದು ಹಂಚಾಗಿತ್ತು. ಮುನ್ನಿ ಬೀ ಅವತ್ತೂ ಬಂದಿದ್ದರು. ಹಿಂದಿನ ದಿನ ಅವರ ಪಾಳಿ ಬರುವಷ್ಟರಲ್ಲಿ ಸರ್ವರ್ ಕೆಟ್ಟಿತ್ತು. ತುಟಿ ಒಣಗಿ ಬಿರಿದಿದ್ದವು. ನಾನು ನನ್ನ ಬಾಟಲಿ ಮುಂದೆ ಹಿಡಿದೆ.

“ಬ್ಯಾಡ ಬೇಟಿ. ಇವತ್ತ ಕಚೇರಿ ದಿನ.”

“ರೋಜಾ ಉಪವಾಸ ಏನ್ರಿ?”

“ರೋಜಾ ಅಲ್ಲ. ಕಚೇರಿ ದಿನ ನೀರ ಕುಡಿಬಾರದು. ಕುಡದರ ಎಲ್ಲಿ ಹೋಗಬೇಕು?”

ಹಿಂದೆ ನಿಂತಿದ್ದ ಚಂದಮ್ಮ ನಕ್ಕಳು. ಮಂಠಾಳದ ಹೆಣ್ಣುಮಗಳು, ಇಲ್ಲಿಗೆ ಮದುವೆಯಾಗಿ ಬಂದವಳು. ಸೊಂಟದ ಮೇಲೆ ಆರು ತಿಂಗಳ ಕೂಸು. “ನಾ ನಿನ್ನಿ ಸಂಜಿಯಿಂದಾನೇ ಬಿಟ್ಟೀನ್ರಿ. ಕೂಸಿಗಿ ಹಾಲ ಬರವಲ್ಲದು, ಅದಕ್ಕ ಅಳಾಕತ್ತದ” ಎಂದಳು.

ಸಾಲಿನಲ್ಲಿ ಹತ್ತೊಂಬತ್ತು ಹೆಂಗಸರಿದ್ದರು. ಒಬ್ಬೊಬ್ಬರನ್ನೇ ಕೇಳಿದೆ. ಇವತ್ತು ಬೆಳಿಗ್ಗೆಯಿಂದ ನೀರು ಕುಡಿದೀರಾ. ಒಬ್ಬರೂ ಕುಡಿದಿರಲಿಲ್ಲ. ಗಂಡಸರು ಕಾಂಪೌಂಡ್ ಗೋಡೆಯ ಕಡೆ ಹೋಗಿ ಬರುತ್ತಿದ್ದರು.

ಯಾರೂ ಇವರಿಗೆ ಕುಡಿಯಬೇಡಿ ಎಂದು ಹೇಳಿಲ್ಲ. ಎಲ್ಲೂ ಬರೆದಿಲ್ಲ. ಹೋದಲ್ಲೆಲ್ಲ ಬೀಗ ನೋಡಿ ಮೈ ತಾನಾಗಿ ಕಲಿತಿದೆ. ನಮ್ಮ ಪುಸ್ತಕದಲ್ಲಿ ‘ಕಲಿತ ಅಸಹಾಯಕತೆ’ ಎಂಬ ಪಾಠ ಇದೆ. ನಾಯಿಗಳನ್ನು ಕಟ್ಟಿ ಕರೆಂಟು ಕೊಟ್ಟರು. ಆಮೇಲೆ ದಾರಿ ಬಿಟ್ಟುಕೊಟ್ಟರೂ ನಾಯಿಗಳು ಹಾರಿ ಹೋಗಲಿಲ್ಲ. ಅಲ್ಲೇ ಮುದುಡಿ ಬಿದ್ದುಕೊಂಡವು. ನಾನು ಪರೀಕ್ಷೆಯಲ್ಲಿ ನಾಯಿಯ ಮನಸ್ಸಿನ ಬಗ್ಗೆ ಆರು ಪುಟ ಬರೆದಿದ್ದೆ. ಕರೆಂಟು ಕೊಟ್ಟವರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಅವತ್ತು ಸಂಜೆ ಅವ್ವನಿಗೆ ಕೇಳಿದೆ. “ನೀ ಇದಕ್ಕ ನೀರ ಕುಡಿಯಂಗಿಲ್ಲೇನವ್ವ?”

ಅವ್ವ ಕಾಲು ಚಾಚಿ ಕೂತು ಮೊಳಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

“ನಿನ್ನ ಫಾರ್ಮಿನ್ಯಾಗ ಇದ ಇಲ್ಲೇನು?” ಅಂದಳು.

“ಇಲ್ಲ.”

“ಮತ್ತ ಎರಡ ದಿನದಿಂದ ಏನ ಕೇಳಾಕತ್ತೀದಿ ಅವರಿಗಿ?”

ಮೂರನೇ ದಿನ ಸರ್ವರ್ ಬೆಳಿಗ್ಗೆಯಿಂದಲೇ ನಿಂತು ನಿಂತು ನಡೆಯುತ್ತಿತ್ತು. ಎರಡನೇ ದಿನವೂ ಕೆಲಸವಾಗದೆ ಮತ್ತೆ ಬಂದಿದ್ದ ಮುನ್ನಿ ಬೀ ಅವರ ಟೋಕನ್ ಹದಿನಾಲ್ಕು. ಹನ್ನೆರಡು ಗಂಟೆಯಾದರೂ ಆರು ದಾಟಿರಲಿಲ್ಲ. ಅವರು ಕಾಲು ಬದಲಿಸಿ ಬದಲಿಸಿ ನಿಂತಿದ್ದರು. ಸಕ್ಕರೆ ಕಾಯಿಲೆಯವರಿಗೆ ನೀರು ಬಿಟ್ಟರೂ ಒಂದಕ್ಕೆ ಅವಸರ ಬರುತ್ತದೆ. ಕೊನೆಗೆ ಕೌಂಟರಿಗೆ ಹೋಗಿ ಸ್ವಪ್ನಿಲನ ಕಡೆ ಬಗ್ಗಿ ಏನೋ ಕೇಳಿದರು. ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ಅದು ಸ್ಟಾಫಿಗಿ ಅದ ಅಜ್ಜಿ. ಬಸ್‌ಸ್ಟ್ಯಾಂಡಿಗಿ ಹೋಗಿ ಬಾ.”

“ಬಸ್‌ಸ್ಟ್ಯಾಂಡ್ ದೂರ ಅದ ಬಾಬಾ. ಅಷ್ಟರಾಗ ನಂಬರ ಬಂದರ?”

“ಬಂದರ ಹೋಗ್ತದ. ನಾಳಿ ಬಾ.”

ಮುನ್ನಿ ಬೀ ಹಿಂದೆ ಬಂದು ಸಾಲಿನಲ್ಲಿ ನಿಂತರು. ಗೋಡೆಗೆ ಒರಗಿದರು. ಕಣ್ಣು ಮುಚ್ಚಿದರು. ನಾನು ಆಗಲೇ ಎದ್ದು ಚಾವಿ ಕೇಳಬಹುದಿತ್ತು. ನನಗೆ ಅವನು ಕೊಡುತ್ತಿದ್ದ. ನಾನು ಏಳಲಿಲ್ಲ. ಫಾರ್ಮಿನ ಮೇಲೆ ಕಣ್ಣಿಟ್ಟು ಕೂತಿದ್ದೆ. ನಾನು ಏಳಬೇಕು ಎಂದುಕೊಳ್ಳುವಷ್ಟರಲ್ಲಿ ಆಗಿಹೋಯಿತು.

ಮೊದಲು ಸಲ್ವಾರ್ ತೊಯ್ದಿತು. ಆಮೇಲೆ ನೆಲ. ಮುಂದಿದ್ದವನು ತನ್ನ ಚಪ್ಪಲಿ ಎಳೆದುಕೊಂಡು ಸರಿದ. ಯಾರೋ ಥೂ ಎಂದರು. ಹಿಂದೆ ಇಬ್ಬರು ಹುಡುಗರು ನಕ್ಕರು. ಮುನ್ನಿ ಬೀ ದುಪಟ್ಟಾದಿಂದ ಮುಖ ಮುಚ್ಚಿಕೊಂಡರು. ಜಾಗ ಬಿಟ್ಟು ಕದಲಲಿಲ್ಲ. ಅವರ ಸುತ್ತ ನಾಲ್ಕು ಮಾರು ನೆಲ ಖಾಲಿಯಾಯಿತು.

ಸ್ವಪ್ನಿಲ ಗಾಜಿನ ಆಚೆಯಿಂದ ಎದ್ದು ಬಂದ. ಮೂಗಿಗೆ ಕರ್ಚೀಫು. “ಏ ಮೀರಾಬಾಯಿ, ಲಗೂನ ಬಂದ ಒರಸು. ಈ ಮುದುಕಿನ ಹೊರಗ ಕಳಸು” ಎಂದು ಕೂಗಿದ. ಆಮೇಲೆ ನನ್ನ ಕಡೆ ತಿರುಗಿ ದನಿ ಬದಲಿಸಿದ. “ಸಾರಿ ಮೇಡಂ. ನೀವ ಒಳಗ ಬಂದ ಕುಂದರ್ರಿ. ಇಂಥಾ ಜನ ಬರ್ತಾರ, ಏನ ಮಾಡೋದು.”

ಅವ್ವ ಬಕೆಟ್ಟು ಹಿಡಿದು ಬಂದಳು. ಮುನ್ನಿ ಬೀ ಅವರ ಹತ್ತಿರ ಹೋದಳು. ಬಕೆಟ್ಟು ಕೆಳಗಿಟ್ಟಳು. ಕೂಡಲಿಲ್ಲ. ತನ್ನ ಸೆರಗಿನಿಂದ ಮುದುಕಿಯ ಮುಖ ಒರೆಸಿದಳು. ಆಮೇಲೆ ಸ್ವಪ್ನಿಲನ ಕಡೆ ತಿರುಗಿದಳು.

“ಚಾವಿ ಕೊಡ್ರಿ.”

“ಯಾಕ?”

“ಖಾಲಾನ ಒಳಗ ಕರ್ಕೊಂಡ ಹೋಗಿ ತೊಳಸ್ತೀನಿ.”

“ಮೊದಲ ನೆಲ ಒರಸು.”

“ಒರಸಂಗಿಲ್ಲ.”

ಅವ್ವನ ಬಾಯಿಂದ ಆ ಮಾತು ನಾನು ಮೊದಲ ಸಲ ಕೇಳಿದೆ. ಸ್ವಪ್ನಿಲನಿಗೆ ಅರ್ಥವೇ ಆಗಲಿಲ್ಲ. “ಏನಂದಿ?” ಅಂದ.

“ಒರಸಂಗಿಲ್ಲ ಅಂದೆ. ಏಳ ವರ್ಷ ನೀವ ಉಗುಳಿದ್ದ ಒರಸೀನಿ, ಕುಡದ ಚೆಲ್ಲಿದ್ದ ಒರಸೀನಿ, ನಿಮ್ಮ ಹೇಲ ತೊಳದೀನಿ. ಇದನ್ನ ಒರಸಂಗಿಲ್ಲ. ಇದು ಈಕಿ ಮಾಡಿದ್ದಲ್ಲ. ನೀವ ಮಾಡಸಿದ್ದು. ನೀವ ಒರಸ್ರಿ.”

“ನಾಳಿಂದ ಕೆಲಸಕ್ಕ ಬರಬ್ಯಾಡ.”

“ನಾಳಿದ್ದ ನಾಳಿ. ಇವತ್ತ ಚಾವಿ ಕೊಡ್ರಿ.”

ಅವ್ವ ಕೈ ಚಾಚಿದಳು. ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

ನಾನು ಎದ್ದೆ. “ಸರ್, ಚಾವಿ ನನಗೆ ಕೊಡಿ” ಎಂದೆ. ಸ್ವಪ್ನಿಲನಿಗೆ ಸಮಾಧಾನವಾಯಿತು. ಮೇಡಂ ಜಗಳದಿಂದ ದೂರ ಹೋಗಲು ದಾರಿ ಹುಡುಕುತ್ತಿದ್ದಾಳೆ ಎಂದು ತಿಳಿದಿರಬೇಕು. ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟ. ನಾನು ನಡೆದು ಹೋಗಿ ಅದನ್ನು ಅವ್ವನ ಕೈಯಲ್ಲಿಟ್ಟೆ.

“ತಗೋ ಅವ್ವ” ಎಂದೆ.

ಎಲ್ಲರಿಗೂ ಕೇಳಿಸಿತು. ಗಾಜಿನ ಆಚೆ ಟೈಪ್ ಮಾಡುತ್ತಿದ್ದ ಹುಡುಗಿಯ ಕೈ ನಿಂತಿತು. ಸ್ವಪ್ನಿಲ ನನ್ನನ್ನು ನೋಡಿದ, ಅವ್ವನನ್ನು ನೋಡಿದ, ಮತ್ತೆ ನನ್ನನ್ನು ನೋಡಿದ.

“ನೀ ಈಕಿ ಮಗಳೇನು?”

ಮೂರು ದಿನ ನಾನು ‘ನೀವು’ ಆಗಿದ್ದೆ. ಈಗ ‘ನೀ’. ನಾನು ಓದಿದ್ದು ಅಷ್ಟೇ ಇತ್ತು. ತೊಟ್ಟ ಬಟ್ಟೆ ಅದೇ ಇತ್ತು. ಕೈಯಲ್ಲಿ ವಿಶ್ವವಿದ್ಯಾಲಯದ ಪತ್ರ ಇತ್ತು. ಒಂದು ಶಬ್ದಕ್ಕೆ ಅದೆಲ್ಲ ಬಿದ್ದುಹೋಯಿತು. ಎಂ.ಎ.ದಲ್ಲಿ ಎರಡು ವರ್ಷ ಕಲಿಯದ್ದನ್ನು ಆ ಮನುಷ್ಯ ಒಂದು ‘ನೀ’ಯಲ್ಲಿ ಕಲಿಸಿದ.

“ಹೌದು. ಮೀರಾಬಾಯಿ ಮಗಳು” ಎಂದೆ.

“ಮೊದಲ ಹೇಳಬೇಕಿತ್ತು.”

“ಹೇಳಿದ್ದರ ಏನ ಮಾಡ್ತಿದ್ರಿ?”

ಅವ್ವ ಮುನ್ನಿ ಬೀ ಅವರನ್ನು ಒಳಗೆ ಕರೆದುಕೊಂಡು ಹೋದಳು. ನೀರು ಸುರಿಯುವ ಸದ್ದು ಕೇಳಿತು. ಚಂದಮ್ಮ ಕೂಸನ್ನು ನನ್ನ ಕೈಗೆ ಕೊಟ್ಟು, “ಹಿಡೀರಿ ಅಕ್ಕ” ಎಂದು ಹೋಗಿ ಬಾಗಿಲ ಮುಂದೆ ನಿಂತಳು. ಅವಳ ಹಿಂದೆ ಇನ್ನೊಬ್ಬಳು ಹೋದಳು. ಮತ್ತೊಬ್ಬಳು ಹೋದಳು. ಕೌಂಟರಿನ ಸಾಲು ಕರಗಿ ಅಲ್ಲಿ ಸಾಲಾಯಿತು. “ಪೊಲೀಸರನ್ನ ಕರಸ್ತೀನಿ” ಎಂದು ಸ್ವಪ್ನಿಲ ಫೋನ್ ತೆಗೆದ. “ಕರಸ್ರಿ. ಉಚ್ಚಿ ಹೊಯ್ಯಾಕ ಬಂದಾರ ಅಂತ ಹೇಳ್ರಿ” ಎಂದಳು ಚಂದಮ್ಮ. ಅವನು ಫೋನ್ ಜೇಬಿಗಿಟ್ಟ.

ಮುನ್ನಿ ಬೀ ಹೊರಗೆ ಬಂದರು. ಅವ್ವ ಅಲ್ಲೇ ಇಟ್ಟಿದ್ದ ಇನ್ನೊಂದು ಕೆಲಸದ ಸೀರೆ ಸುತ್ತಿಕೊಂಡಿದ್ದರು. ಒದ್ದೆ ಬಟ್ಟೆ ಹಿಂಡಿ ಕೈಯಲ್ಲಿ ಹಿಡಿದಿದ್ದರು. ಮನೆಗೆ ಹೋಗುತ್ತಾರೆ ಎಂದುಕೊಂಡೆವು. ಅವರು ಸೀದಾ ಕೌಂಟರಿಗೆ ಹೋದರು.

“ನನ್ನ ನಂಬರ ಹದಿನಾಲ್ಕು.”

“ಸರ್ವರ್ ಇಲ್ಲ” ಎಂದ ಸ್ವಪ್ನಿಲ.

“ಬರಲಿ. ಕುಂತಿರ್ತೀನಿ.” ಫ್ಯಾನಿನ ಕೆಳಗೆ ನನ್ನ ಕುರ್ಚಿ ಖಾಲಿ ಇತ್ತು. ಅದರಲ್ಲಿ ಕೂತರು. ಸಂಜೆ ನಾಲ್ಕೂವರೆಗೆ ಅವರ ಹೆಬ್ಬೆಟ್ಟು ತೆಗೆದುಕೊಂಡರು. ಮೂರು ಸಲ ಒತ್ತಿಸಿದರು. ನಾಲ್ಕನೇ ಸಲ ಹತ್ತಿತು. ನೆಲವನ್ನು ಕೊನೆಗೆ ಸ್ವಪ್ನಿಲನ ಡ್ರೈವರ್ ಒರೆಸಿದ.

ಮರುದಿನ ಬೆಳಿಗ್ಗೆ ಏಜೆನ್ಸಿಯಿಂದ ಅವ್ವನಿಗೆ ಫೋನ್ ಬಂತು. ಕೆಲಸ ಹೋಯಿತು. ಅದೇ ದಿನ ನನ್ನ ಗೈಡ್ ಸರ್‌ಗೂ ದೂರು ಹೋಯಿತು. ಅವರು ನನ್ನನ್ನು ಕರೆಸಿ, ಸಂಶೋಧಕರು ಭಾವುಕರಾಗಬಾರದು ಎಂದರು. ಅರವತ್ತು ಫಾರ್ಮು ಇವೆಯಲ್ಲ, ಅಷ್ಟರಲ್ಲೇ ಬರೆದು ಮುಗಿಸು ಎಂದರು.

“ಆ ಫಾರ್ಮು ಸುಳ್ಳು ಸರ್” ಎಂದೆ.

“ಜನ ಹೇಳಿದ್ದನ್ನೇ ನೀನು ಬರೆದಿದ್ದೀಯಲ್ಲ?”

“ಹೆದರಿಕೆ ಹೇಳಿದ್ದು ಬರೆದಿದ್ದೇನೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸಹಿ ಮಾಡುವುದಿಲ್ಲ ಎಂದರು. ನನ್ನ ಪ್ರಾಜೆಕ್ಟು ಇನ್ನೂ ಸಹಿಯಾಗಿಲ್ಲ. ಆ ವರ್ಷದ ಪದವಿ ಪಟ್ಟಿಯಲ್ಲಿ ನನ್ನ ಹೆಸರಿಲ್ಲ.

ನಾನು ಊರಿಗೆ ಬಂದು ದೂರು ಬರೆದೆ. ಹುಡಗಿ ಗ್ರಾಮಕ್ಕೆ ಹೋಗಿ ಮುನ್ನಿ ಬೀ ಅವರ ಹೆಬ್ಬೆಟ್ಟು ಹಾಕಿಸಿದೆ. ಚಂದಮ್ಮ ತಾನೇ ಓಣಿ ಸುತ್ತಿ ಹನ್ನೊಂದು ಜನರನ್ನು ಕರೆತಂದಳು. ಕೆಲವರು ಬಾಗಿಲು ತೆಗೆಯಲಿಲ್ಲ. ನಾಳೆ ಮತ್ತೆ ಆ ಕೌಂಟರಿಗೇ ಹೋಗಬೇಕಲ್ಲ ಎಂದರು. ನಾನು ಅವರ ಮೇಲೆ ಸಿಟ್ಟು ಮಾಡಲಿಲ್ಲ. ಮೇಲಿನವರಿಗೆ ಕಳಿಸಿದೆವು. ಎಂಟು ದಿನ ಸಂಡಾಸಿನ ಬೀಗ ತೆಗೆದಿದ್ದರು. ಒಂಬತ್ತನೇ ದಿನ ಮತ್ತೆ ಹಾಕಿದರು. ಅವ್ವ ಪರರ ಹೊಲಕ್ಕೆ ಕಳೆ ತೆಗೆಯಲು ಹೋಗತೊಡಗಿದಳು.

ಜುಲೈ ತಿಂಗಳಲ್ಲಿ ಏಜೆನ್ಸಿಯವರು ನಮ್ಮನ್ನು ಬಸವಕಲ್ಯಾಣದ ತಮ್ಮ ಕಚೇರಿಗೆ ಕರೆಸಿದರು. ದೂರು ಎಲ್ಲೋ ಒಂದು ಕಡೆ ಮುಟ್ಟಿತ್ತು, ಅವರಿಗೆ ನೋಟಿಸು ಬಂದಿತ್ತು. ಅವ್ವ, ನಾನು ಬಸ್ಸಿನಲ್ಲಿ ಹೋದೆವು. ಒಬ್ಬ ಹಿರಿಯ ಅಧಿಕಾರಿ ಇದ್ದ. ಕೂಡಲು ಹೇಳಿದ. ನಗುತ್ತ ಮಾತಾಡಿದ. “ಮೀರಾಬಾಯಿ, ನಿಮ್ಮ ಕೆಲಸ ನಾಳೆಯಿಂದಲೇ ವಾಪಸ್ ಕೊಡುತ್ತೇವೆ. ಇದಕ್ಕೊಂದು ಸಹಿ ಮಾಡಿಬಿಡಿ” ಎಂದ. ಟೈಪ್ ಮಾಡಿದ ಒಂದು ಹಾಳೆ ಮುಂದೆ ಸರಿಸಿದ. ದೂರು ವಾಪಸ್ ಪಡೆಯುವ ಪತ್ರ.

ಅವ್ವನಿಗೆ ಅಕ್ಷರ ಕೂಡಿಸಿ ಓದಲು ಬರುತ್ತದೆ, ನಿಧಾನವಾಗಿ. ಬೆರಳಿಟ್ಟು ಓದಿದಳು. ಒಂದು ಕಡೆ ಬೆರಳು ನಿಂತಿತು.

“ಇದೇನು ಪೂನಿ? ಸ್ವ ಇಚ್ಛೆ?”

“ಸ್ವಇಚ್ಛೆಯಿಂದ. ನನ್ನ ಮನಸಿನಿಂದ ಅಂತ.”

“ನನ್ನ ಮನಸಿನಿಂದ ಅಂದ್ರ ನಾ ಬರೀಬೇಕಲ್ಲ. ಇವರ ಯಾಕ ಬರದಾರ?”

ಅಧಿಕಾರಿಯ ನಗು ಇನ್ನೂ ಇತ್ತು. “ಅದು ಹಾಗೇ ಬರೆಯೋದಮ್ಮ. ಪದ್ಧತಿ.”

“ಕೆಲಸ ನನಗ ಬೇಕ್ರಿ” ಎಂದಳು ಅವ್ವ. “ಮಳಿಯಾಗ ಕಳಿ ತಗದು ಬೆನ್ನ ಹೋಗ್ಯಾದ. ಆದ್ರ ಇದಕ್ಕ ಸಹಿ ಮಾಡಂಗಿಲ್ಲ. ನನ್ನ ಮನಸಿನ್ಯಾಗ ಇದ ಇಲ್ಲ.” ಹಾಳೆಯನ್ನು ಅವನ ಕಡೆ ಸರಿಸಿದಳು. ಅವನ ಟೇಬಲ್ಲಿನ ಮೇಲಿದ್ದ ಬಿಳಿ ಹಾಳೆಗಳಿಂದ ಒಂದನ್ನು ತೆಗೆದು ನನ್ನ ಮುಂದಿಟ್ಟಳು. “ನೀ ಬರಿ. ನಾ ಹೇಳ್ತೀನಿ.”

ಅವ್ವ ಹೇಳಿದಳು. ಮೊದಲ ದಿನದಿಂದ ಹೇಳಿದಳು. ಉಳಿದಿದ್ದ ಜಾಲಿ ಕಂಟಿಯ ಮರೆಗೆ ಹೋದಾಗ ಟೈರ್ ಅಂಗಡಿಯವರು ಕಲ್ಲೆಸೆದದ್ದು. ಜ್ವರ ಬಂದು ಮಲಗಿದಾಗ ಪಗಾರ ಹಿಡಿದದ್ದು. ಮಗಳಿಗೆ ಮೇಡಂ ಎಂದದ್ದು. ನನಗೆ ಗೊತ್ತಿಲ್ಲದ್ದು ಎಷ್ಟೋ ಇತ್ತು. ಅಧಿಕಾರಿ ಗಡಿಯಾರ ನೋಡಿದ. ಅವ್ವ ನಿಲ್ಲಿಸಲಿಲ್ಲ. ಅಳಲಿಲ್ಲ. ನಾನು ಹಾಳೆಯ ಎರಡೂ ಮಗ್ಗುಲು ಬರೆದು ಮುಗಿಸಿದೆ. ಇನ್ನು ಒಂದು ಸಾಲಿಗೂ ಜಾಗ ಇರಲಿಲ್ಲ.

ಅವ್ವ ಅಧಿಕಾರಿಯ ಕಡೆ ಕೈ ಚಾಚಿದಳು.

“ಇನ್ನೊಂದ ಹಾಳಿ ಕೊಡ್ರಿ” ಎಂದಳು.